ಮಲ್ಲಿಗೆ ವಾಸನೆಯ ಬಾವಿ

ನಾನು ಬಾಡಿಗೆಗಿದ್ದ ಸಾಲುಮನೆಯ ಬಾವಿ ಒಂದು ದಿನ ಬೆಳಿಗ್ಗೆ ಮಲ್ಲಿಗೆ ಹೂವಿನ ವಾಸನೆ ಬೀರತೊಡಗಿತು. ಬಿಂದಿಗೆ ಮೇಲೆ ಬಂದದ್ದೇ ತಡ, ಘಮ್ಮೆಂದಿತು. ನೀರು ಸೇದುತ್ತಿದ್ದ ಪಕ್ಕದ ಮನೆಯ ಹೆಂಗಸು ಗಾಬರಿಯಲ್ಲಿ ಕೈಮುಗಿಯಲು ಹೋಗಿ ಹಗ್ಗ ಬಿಟ್ಟಳು, ಬಿಂದಿಗೆ ದುಡುಮ್ಮನೆ ವಾಪಸ್ ಹೋಯಿತು. ಹತ್ತು ನಿಮಿಷದಲ್ಲಿ ಎಂಟೂ ಮನೆಯವರು ಬಾವಿಕಟ್ಟೆಯ ಸುತ್ತ ಸೇರಿದರು. ಮನೆಗಳ ಯಜಮಾನಿ ಅಜ್ಜಿ ಬಂದಳು. ಬಗ್ಗಿ ಮೂಸಿದಳು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತಳು, ಆಮೇಲೆ ತೀರ್ಪು ಕೊಟ್ಟಳು.

"ಗಂಗಮ್ಮ ಹೂ ಮುಡ್ಕೊಂಡವ್ಳೆ. ಯಾರೂ ಈ ನೀರು ಬಾಯಿಗೆ ಹಾಕ್ಬ್ಯಾಡಿ. ದೇವ್ರು ಮುಡಿದಿದ್ದು ದೇವ್ರಿಗೇ. ಬಟ್ಟೆ ಒಗೀರಿ, ಅಂಗಳ ತೊಳೀರಿ, ಅಷ್ಟೇಯ."

ನಾನೂ ಮೂಸಿದೆ. ಭಕ್ತಿ ಬರಲಿಲ್ಲ, ಗುರುತು ಸಿಕ್ಕಿತು. ಆ ವಾಸನೆಯನ್ನು ನಾನು ದಿನಾ ಎಂಟು ಗಂಟೆ ಮೂಸುತ್ತಿದ್ದೆ. ನಾನು ಕೆಲಸ ಮಾಡುವ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಮುಂದೆ ನೆಲ ಒರೆಸುವ ಫಿನಾಯಿಲು ಅದು. ಕ್ಯಾನುಗಟ್ಟಲೆ ತರಿಸಿದ್ದು ನಾನೇ. ಮೂರು ಬಗೆಯ ಸ್ಯಾಂಪಲ್ಲಿನಲ್ಲಿ ಮಲ್ಲಿಗೆಯನ್ನು ಆರಿಸಿದ್ದೂ ನಾನೇ.

ಜಾಗದ ಲೆಕ್ಕಾಚಾರ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಪಟ್ಟಂದೂರು ಅಗ್ರಹಾರದಲ್ಲಿ ದೊಡ್ಡ ಐಟಿ ಪಾರ್ಕಿನ ಬೆನ್ನಿಗೆ ಅಂಟಿಕೊಂಡು ಒಂದು ಅಪಾರ್ಟ್‌ಮೆಂಟ್. ಅದರ ಕಾಂಪೌಂಡಿಗೆ ಅಂಟಿಕೊಂಡು ಅಜ್ಜಿಯ ಎಂಟು ಬಾಡಿಗೆ ಮನೆಗಳು, ಅವುಗಳ ನಡುವೆ ಬಾವಿ. ನಾನು ಗದಗಿನ ಕಡೆಯವಳು. ಗಂಡ ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸಗಾರ, ಮನೆಯಲ್ಲಿ ಕಾಣಿಸಿಕೊಂಡಾಗ ನಿದ್ದೆ ಮಾಡುತ್ತಿರುತ್ತಾನೆ. ನಾನು ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಆಫೀಸಿನಲ್ಲಿ ಗುಮಾಸ್ತೆ. ದೂರು ಬರೆದುಕೊಳ್ಳುವುದು, ಸಾಮಾನು ತರಿಸುವುದು, ಕಮಿಟಿಯ ಸಭೆಯಲ್ಲಿ ಕೂತು ಯಾರು ಏನು ಹೇಳಿದರೆಂದು ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ಗೋಡೆಯ ಆ ಕಡೆ ಹೋಗಿ ಮೇಡಂ ಆಗುತ್ತಿದ್ದೆ, ಸಂಜೆ ಈ ಕಡೆ ಬಂದು ಅಜ್ಜಿಯ ಬಾಯಲ್ಲಿ "ಲೇ ಗದಗಿನೋಳೆ" ಆಗುತ್ತಿದ್ದೆ. ಎರಡನೆಯದೇ ನನಗೆ ಇಷ್ಟ. ಊರು ಬಿಟ್ಟು ಬಂದವಳನ್ನು ಹಾಗೆ ಏಕವಚನದಲ್ಲಿ ಗದರುವವರು ಒಬ್ಬರಾದರೂ ಬೇಕು.

ನಾನು ಬಾಡಿಗೆಗೆ ಬಂದಾಗ ಬಾವಿ ಒಣಗಿತ್ತು. ತಳದಲ್ಲಿ ಎರಡು ಚಪ್ಪಲಿ, ಒಂದು ಕ್ರಿಕೆಟ್ ಚೆಂಡು, ಅಷ್ಟೇ. ಅಜ್ಜಿಯ ಮಗನಿಗೆ ಟ್ಯಾಂಕರ್ ಇತ್ತು, ಊರಾಚೆ ಅವನದೇ ಬೋರ್‌ವೆಲ್ಲಿನಿಂದ ನೀರು ತುಂಬಿ ಸುತ್ತಲಿನ ಅಪಾರ್ಟ್‌ಮೆಂಟುಗಳಿಗೆ ಹಾಕುತ್ತಿದ್ದ. ಬಾವಿಗೆ ಮಣ್ಣು ತುಂಬಿಸಿ ಅದರ ಮೇಲೆ ಇನ್ನೆರಡು ರೂಮು ಎಬ್ಬಿಸಬೇಕೆಂದು ಅವನಿಗೆ ಆಸೆ. ಅಜ್ಜಿ ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದ ದಿನ ಆ ಬಾವಿಯ ನೀರಲ್ಲೇ ಕಾಲು ತೊಳೆದು ಒಳಗೆ ಬಂದವಳು ಅವಳು.

ಆ ವರ್ಷ ಅಪಾರ್ಟ್‌ಮೆಂಟಿನವರು ಮಳೆನೀರು ಇಂಗಿಸಲು ಬಾವಿ ತೋಡಿಸಿದರು. ಮಹಡಿಯ ಮೇಲಿನ ನೀರು, ಅಂಗಳದ ಮೋರಿಯ ನೀರು ಎಲ್ಲಾ ಪೈಪಿನಲ್ಲಿ ಬಂದು ಅದಕ್ಕೆ ಬೀಳಬೇಕು, ನೆಲ ಅದನ್ನು ಹೀರಬೇಕು. ತೋಡಲು ಬಂದವನು ತಲೆಮಾರಿನಿಂದ ಬಾವಿ ತೋಡುವ ಮನೆತನದವನು. ಎಲ್ಲರೂ ಅವನನ್ನು ಬಾವಿ ಅಣ್ಣ ಎನ್ನುತ್ತಿದ್ದರು. ಹಾರೆ ಹಾಕುವ ಮೊದಲು ಊದುಬತ್ತಿ ಹಚ್ಚಿದ, ಕಾಯಿ ಒಡೆದ. ಸುತ್ತುಗೋಡೆಗೆಂದು ಸಿಮೆಂಟಿನ ಬಳೆಗಳನ್ನೆಲ್ಲ ಇಳಿಸಿ ಮುಗಿಸಿದ ದಿನ ತಳದಲ್ಲಿ ನಿಂತು ಪೇಚಾಡಿದ. ಅವರಲ್ಲಿ ಬಾವಿಯ ಮೊದಲ ನೀರನ್ನು ತೋಡಿದವನೇ ಕುಡಿಯಬೇಕಂತೆ, ಅಲ್ಲಿಯವರೆಗೆ ಕೆಲಸ ಮುಗಿದ ಹಾಗಲ್ಲವಂತೆ. ಇಲ್ಲಿ ನೀರೇ ಇಲ್ಲ.

"ಇದು ಕುಡಿಯೋಕೆ ಕೊಡೋ ಬಾವಿ ಅಲ್ಲಕ್ಕ, ತಾನೇ ಕುಡಿಯೋ ಬಾವಿ," ಅಂದ. ಕೊನೆಗೆ ನಾನು ಆಫೀಸಿನಿಂದ ಒಂದು ಬಾಟಲಿ ನೀರನ್ನು ಹಗ್ಗಕ್ಕೆ ಕಟ್ಟಿ ಇಳಿಸಿದೆ. ಅದನ್ನು ಎರಡು ಗುಟುಕು ಕುಡಿದು, ಮುಖ ಸಿಂಡರಿಸಿಕೊಂಡು ಮೇಲೆ ಬಂದ.

ಆ ಮಳೆಗಾಲದಲ್ಲಿ ಅಪಾರ್ಟ್‌ಮೆಂಟಿನ ಬಾವಿ ಕುಡಿದದ್ದೇ ಕುಡಿದದ್ದು. ಎಂಥ ಮಳೆ ಬಂದರೂ ಸಂಜೆಯೊಳಗೆ ಖಾಲಿ. ತಿಂಗಳೆರಡು ಕಳೆಯುವಷ್ಟರಲ್ಲಿ ಗೋಡೆಯ ಈ ಕಡೆ ಅಜ್ಜಿಯ ಬಾವಿಯಲ್ಲಿ ನೀರು ಕಾಣಿಸಿತು. ಎಂಟು ಮನೆಯವರೂ ಅದನ್ನು ಸೋಸಿ, ಕಾಯಿಸಿ ಕುಡಿಯತೊಡಗಿದೆವು. ಮಗ ರೂಮಿನ ಮಾತನ್ನು ಸ್ವಲ್ಪ ದಿನ ಎತ್ತಲಿಲ್ಲ. ಆಮೇಲೆ ಮತ್ತೆ ಶುರುಮಾಡಿದ, "ನಾಕು ಬಿಂದಿಗೆ ನೀರಿಗೆ ಎರಡು ರೂಮಿನ ಜಾಗ ಯಾಕವ್ವ?" ಅಂತ. ಅಷ್ಟರಲ್ಲಿ ಗಂಗಮ್ಮ ಹೂ ಮುಡಿದಳು. ಮಗನಿಗೆ ದೇವರೆಂದರೆ ಭಯ. ಬಾವಿಕಟ್ಟೆಯ ಹತ್ತಿರ ಚಪ್ಪಲಿ ಬಿಟ್ಟು ಓಡಾಡತೊಡಗಿದ.

ನನಗೊಬ್ಬಳಿಗೆ ನಿಜ ಗೊತ್ತಿತ್ತು. ಮರುದಿನವೇ ನೋಡಿದೆ. ಹೌಸ್‌ಕೀಪಿಂಗಿನ ಹೆಂಗಸರು ನೆಲ ಒರೆಸಿದ ಬಕೆಟ್ಟನ್ನು ಹತ್ತಿರದ ಮಳೆನೀರಿನ ಮೋರಿಗೆ ಸುರಿಯುತ್ತಿದ್ದರು. ಮೋರಿ ಇಂಗುಬಾವಿಗೆ, ಇಂಗುಬಾವಿ ನೆಲಕ್ಕೆ, ನೆಲ ಅಜ್ಜಿಯ ಬಿಂದಿಗೆಗೆ. ಸಿಟ್ಟು ನೆತ್ತಿಗೇರಿ ಅಧ್ಯಕ್ಷರ ಹತ್ತಿರ ಹೋದೆ.

ಅಧ್ಯಕ್ಷರ ಬಗ್ಗೆ ಎರಡು ಮಾತು. ಒಳ್ಳೆಯ ಮನುಷ್ಯ, ದೊಡ್ಡ ಕಂಪನಿಯಲ್ಲಿ ಕೆಲಸ. ಯಾವ ಸಮಸ್ಯೆ ತಂದರೂ ಬೇಸರಪಡದೆ ಕೇಳಿ, ಅದಕ್ಕೆ ಸಂಬಂಧವೇ ಇಲ್ಲದ ಪರಿಹಾರವನ್ನು ಅಲ್ಲೇ ಕೊಡುತ್ತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ ತಲೆಯಾಡಿಸಿದರು.

"ಕರೆಕ್ಟ್ ಮೇಡಂ. ಪಕ್ಕದೋರ ಬಾವೀಲಿ ನಮ್ಮ ಫಿನಾಯಿಲ್ ಸ್ಮೆಲ್ ಬರೋದು ತಪ್ಪು. ಇವತ್ತಿಂದ ಸ್ಮೆಲ್ ಇಲ್ದಿರೋ ಫಿನಾಯಿಲ್ ತರಿಸಿ."

ತರಿಸಿದೆ. ತರಿಸದೆ ಏನು ಮಾಡಲಿ? ಆದರೆ ಹೌಸ್‌ಕೀಪಿಂಗಿನವರನ್ನು ಕೂರಿಸಿಕೊಂಡು, ಆ ನೀರನ್ನು ನಾವೇ ಕುಡಿಯುತ್ತಿದ್ದೆವೆಂದು ಹೇಳಿ, ಬಕೆಟ್ಟನ್ನು ಕಕ್ಕಸಿನ ಲೈನಿಗೇ ಸುರಿಯಬೇಕೆಂದು ಕೈಮುಗಿದೆ. ಕಕ್ಕಸು ಕಟ್ಟಡದ ಆ ತುದಿಗೆ, ಮೋರಿ ಕಾಲ ಬುಡಕ್ಕೆ. ನಾನು ನೋಡುತ್ತಿದ್ದಾಗ ಆ ತುದಿಗೆ ಹೋಗುತ್ತಿದ್ದರು. ಮಲ್ಲಿಗೆ ವಾಸನೆ ದಿನದಿನಕ್ಕೆ ಕಡಿಮೆಯಾಯಿತು. ಅಜ್ಜಿ ಮಾತ್ರ ಕುಡಿಯಬಾರದೆಂಬ ಕಟ್ಟಳೆಯನ್ನು ಸಡಿಲಿಸಲಿಲ್ಲ. ಹಳೆಯ ಕಾಲದವರ ಮೂಢನಂಬಿಕೆಯೂ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತದಲ್ಲ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಆಮೇಲೆ ಬಂದದ್ದು ತಪಾಸಣೆ. ಇಂಗುಬಾವಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಪಾಲಿಕೆಯಿಂದ ಒಬ್ಬ ಅಧಿಕಾರಿ ಮೊಬೈಲ್ ಹಿಡಿದುಕೊಂಡು ಬಂದರು. ಮೊಬೈಲಿನ ಫಾರಂನಲ್ಲಿ ಒಂದು ಪ್ರಶ್ನೆ: ಬಾವಿಯಲ್ಲಿ ನೀರು ಇದೆಯೇ? ಹೌದು, ಇಲ್ಲ. ಕೆಳಗೆ ಫೋಟೋ ಹಾಕಬೇಕು. ಬಗ್ಗಿ ನೋಡಿದರು. ನೀರಿರಲಿಲ್ಲ.

"ಸಾರ್, ನೀರಿಲ್ಲ ಅಂದ್ರೇನೆ ಕೆಲಸ ಮಾಡ್ತಿದೆ ಅಂತ. ಎಲ್ಲಾ ಇಂಗಿದೆ," ಅಂದೆ.

"ನಂಗೊತ್ತು ಮೇಡಂ. ಫಾರಂಗೆ ಗೊತ್ತಿಲ್ವಲ್ಲ," ಅಂದರು ಅವರು, ಪಾಪ. "ಇಂಗಿರೋ ನೀರಿನ ಫೋಟೋ ಹೆಂಗೆ ತೆಗೀಲಿ?"

ಅವರು ಮುಂದಿನ ಸಲ ಬರುವ ಹೊತ್ತಿಗೆ ಅಧ್ಯಕ್ಷರು ಟ್ಯಾಂಕರ್ ತರಿಸಿದರು, ಅಜ್ಜಿಯ ಮಗನದೇ. ಬೆಳಿಗ್ಗೆ ಒಂಬತ್ತಕ್ಕೆ ನೀರು ಸುರಿದೆವು. ಅಧಿಕಾರಿ ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಮೂರು ಗಂಟೆಗೆ ಬಂದರು. ಬಾವಿ ಅಷ್ಟನ್ನೂ ಕುಡಿದು ಬಾಯಿ ಒರೆಸಿಕೊಂಡು ಕೂತಿತ್ತು. ಮೂರನೆಯ ಸಲ ಅವರ ಎದುರಿಗೇ ಸುರಿದೆವು. ಅವರು ಟೇಪು ಬಿಟ್ಟು ನೀರಿನ ಆಳ ಅಳೆದರು. ಬರೆಯುವಷ್ಟರಲ್ಲಿ ನೀರು ಇಳಿದಿತ್ತು, ಮತ್ತೆ ಅಳೆದರು, ಮತ್ತೆ ಇಳಿದಿತ್ತು. ಫಾರಂ ಒಂದೇ ಅಂಕಿ ಕೇಳುತ್ತಿತ್ತು. ಬೆವರು ಒರೆಸಿಕೊಂಡು ಇನ್ನೊಂದು ದಿನ ಬರುತ್ತೇನೆಂದು ಹೊರಟರು.

ಆ ವಾರ ಅಜ್ಜಿಯ ಬಾವಿ, ಉರಿಬಿಸಿಲಿನ ಕಾಲದಲ್ಲಿ, ಎರಡು ಮೊಳ ಏರಿತು. ಮಗ ಬೋರ್‌ವೆಲ್ಲಿನಿಂದ ಎತ್ತಿದ ನೀರನ್ನು ನಮಗೆ ತಂದು ಸುರಿಯುತ್ತಿದ್ದ, ನಾವು ಅದನ್ನು ನೆಲಕ್ಕೆ ಕುಡಿಸುತ್ತಿದ್ದೆವು, ನೆಲ ಅದನ್ನು ಅವನ ತಾಯಿಯ ಬಾವಿಗೆ ಮುಟ್ಟಿಸುತ್ತಿತ್ತು. ಯಾರು ಯಾರಿಗೆ ಉಪಕಾರ ಮಾಡುತ್ತಿದ್ದೇವೆಂದು ಯಾರಿಗೂ ಗೊತ್ತಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟದ್ದು ಕಮಿಟಿಯ ಸಭೆಯಲ್ಲಿ, ಅದೂ ಬಿಡಬಾರದ ಹೊತ್ತಿನಲ್ಲಿ. ಒಂದೂವರೆ ಗಂಟೆ ಕಾಲ ಹತ್ತು ಜನ ಓದಿದವರು ಕೂತು, ಫೋಟೋಗೆ ನೀರು ನಿಲ್ಲಿಸುವುದು ಹೇಗೆಂದು ಚರ್ಚೆ ಮಾಡಿದರು. ಬರೆದು ಬರೆದು ನನ್ನ ಕೈ ನೋಯುತ್ತಿತ್ತು, ತಲೆ ಸಿಡಿಯುತ್ತಿತ್ತು. ಸಿಟ್ಟು ಬಂದರೆ ನನ್ನ ಬಾಯಲ್ಲಿ ಬೆಂಗಳೂರು ಮಾಯವಾಗಿ ಗದಗು ಎದ್ದು ಕೂರುತ್ತದೆ.

"ಹಂಗಾದ್ರ ತಳಕ್ಕ ಸಿಮೆಂಟ್ ಹಾಕಿಸಿಬಿಡ್ರಲ್ಲಾ ಸರ," ಅಂದೆ. "ಒಂದು ಹನಿನೂ ಇಂಗಂಗಿಲ್ಲ. ಬೇಕಾದ್ರ ನಾಕು ಮೀನೂ ಬಿಡ್ರಿ, ಫೋಟೋಕ್ಕ ಚಂದ ಕಾಣ್ತಾವ."

ಕೆಲಸ ಹೋಯಿತೆಂದುಕೊಂಡೆ. ಅಧ್ಯಕ್ಷರು ನಿಧಾನಕ್ಕೆ ಎದ್ದು ನಿಂತರು.

"ನೋಡಿ," ಅಂದರು ಎಲ್ಲರ ಕಡೆ ತಿರುಗಿ, "ಉತ್ತರ ಕರ್ನಾಟಕದೋರು ಅಂದ್ರೆ ಇದೇ ಕಣ್ರೀ. ಸುತ್ತಿಬಳಸಿ ಮಾತಾಡಲ್ಲ. ಪ್ರಾಬ್ಲಂ ಏನು, ಸೊಲ್ಯೂಷನ್ ಏನು, ಎರಡೇ ಮಾತು. ಸೂಪರ್ ಮೇಡಂ!"

ಚಪ್ಪಾಳೆ ಬಿತ್ತು. ಕುಹಕದ ಮಾತದು, ಸ್ವಾಮಿ, ಕುಹಕ, ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಹತ್ತು ಜನರ ಚಪ್ಪಾಳೆ ನನಗೆ ಅದೇ ಮೊದಲು, ಒಂದು ಕ್ಷಣ ಹಿತವಾಗಿಯೂ ಇತ್ತು. ಆ ಹಿತವನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಸಭೆಯ ನಡಾವಳಿಯಲ್ಲಿ ಸಲಹೆ ಕೊಟ್ಟವರ ಜಾಗದಲ್ಲಿ ನನ್ನ ಹೆಸರನ್ನು ನಾನೇ ಬರೆದೆ.

ಬಾವಿ ಅಣ್ಣನನ್ನು ಕರೆಯಲಿಲ್ಲ, ಅವನು ಜಗಳಕ್ಕೆ ನಿಲ್ಲುತ್ತಾನೆಂದು. ಟೈಲ್ಸ್ ಕೆಲಸದವರು ಬಂದು ತಳಕ್ಕೆ ಕಾಂಕ್ರೀಟು ಹಾಕಿ, ಸುತ್ತ ನೀಲಿ ಟೈಲ್ಸ್ ಅಂಟಿಸಿದರು. ಟ್ಯಾಂಕರಿನ ನೀರು ತುಂಬಿತು, ನಿಂತಿತು. ಸೊಳ್ಳೆ ಬಂದವೆಂದು ಕೆಂಪು ಮೀನು ಬಿಟ್ಟರು. ಮೀನಿಗೆ ಬಿಸಿಲಾಗುತ್ತದೆಂದು ತಾವರೆ ಹಾಕಿದರು. ಅಧಿಕಾರಿ ಬಂದು, ಅಳೆದು, ನೀರು ಒಂದಿಂಚೂ ಅಲ್ಲಾಡದ್ದನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡರು. ಸ್ವಲ್ಪ ದಿನಕ್ಕೆ 'ಮಾದರಿ ಇಂಗುಬಾವಿ' ಎಂಬ ಫಲಕ ಬಂತು. ಬೇರೆ ಅಪಾರ್ಟ್‌ಮೆಂಟಿನವರು ನೋಡಲು ಬಂದರು. ನೋಡಿಕೊಂಡು ಹೋದವರಲ್ಲಿ ಇಬ್ಬರು ತಮ್ಮ ಬಾವಿಗೂ ಸಿಮೆಂಟು ಹಾಕಿಸಿದರೆಂದು ಕೇಳಿದೆ.

ಗೋಡೆಯ ಈ ಕಡೆ ಬಿಂದಿಗೆಯ ಹಗ್ಗ ದಿನಾ ಒಂದಿಷ್ಟು ಹೆಚ್ಚು ಇಳಿಯತೊಡಗಿತು. ಮೊದಲ ಮಳೆ ಬಂದರೂ ನೀರು ಏರಲಿಲ್ಲ. ಒಂದು ದಿನ ಬಿಂದಿಗೆ ತಳಕ್ಕೆ ಬಡಿದು ಟಣ್ ಎಂದಿತು. ಅಜ್ಜಿ ಆ ಸದ್ದಿಗೆ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ಮಗ ಅದೇ ಸಂಜೆ ಹೇಳಿದ, "ಗಂಗಮ್ಮನೇ ಎದ್ದೋದ್ಮೇಲೆ ಇನ್ನೇನವ್ವ? ಆಸಾಡ ಕಳೀಲಿ, ಸ್ರಾವಣದಾಗೆ ಮಣ್ಣು ಹಾಕ್ಸಿ ಕೆಲ್ಸ ಸುರು ಮಾಡ್ತೀನಿ." ಅಜ್ಜಿ ಖಾಲಿ ಬಿಂದಿಗೆಯನ್ನು ಬೋರಲು ಹಾಕಿ ಒಳಗೆ ಹೋದಳು.

ನಾನು ಹೇಳಬಹುದಿತ್ತು. ದಿನಾ ಸಂಜೆ ಹೇಳಬೇಕೆಂದೇ ಗೇಟು ದಾಟುತ್ತಿದ್ದೆ. ಅಜ್ಜಿ ಬಾವಿಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಾ, "ಬಂದ್ಯೇನೆ, ಕೈಕಾಲು ತೊಳ್ಕೊ, ಸಾರೈತೆ," ಅನ್ನುತ್ತಿದ್ದಳು. ಸಾರು ಉಂಡು ಮಲಗುತ್ತಿದ್ದೆ.

ಆಷಾಢದ ನಡುವೆ ಒಂದು ಮಧ್ಯಾಹ್ನ ಆಕಾಶ ಹರಿದುಬಿದ್ದಂತೆ ಮಳೆಯಾಯಿತು. ಮಹಡಿಯ ನೀರೆಲ್ಲ ಪೈಪಿನಲ್ಲಿ ಬಂತು. ಬಾವಿ ಮೊದಲೇ ತುಂಬಿ ಕೂತಿತ್ತು, ಬಂದ ನೀರಿಗೆ ಜಾಗ ಎಲ್ಲಿ? ಉಕ್ಕಿ, ಇಳಿಜಾರು ಹಿಡಿದು, ನೇರವಾಗಿ ಬೇಸ್‌ಮೆಂಟಿಗೆ ನುಗ್ಗಿತು. ಅಧ್ಯಕ್ಷರ ಕಾರಿನ ಚಕ್ರ ಮುಳುಗಿತು, ಅದರ ಪಕ್ಕದಲ್ಲಿ ಒಂದು ಕೆಂಪು ಮೀನು ನೆಮ್ಮದಿಯಾಗಿ ಈಜುತ್ತಿತ್ತು.

ಮರುದಿನ ತುರ್ತು ಸಭೆ. ಈ ಸಲ ನಾನು ಕೈಯೆತ್ತಿ, ಎದ್ದುನಿಂತು, ತಡವರಿಸದೆ ಹೇಳಿದೆ, "ಸಾರ್, ತಳದ ಸಿಮೆಂಟ್ ಒಡೆಸಿಬಿಡೋಣ. ಮೊದಲಿನ ಹಾಗೆ ನೀರು ಇಂಗತ್ತೆ. ಬೇಸ್‌ಮೆಂಟಿಗೆ ಬರಲ್ಲ, ಪಕ್ಕದವರ ಬಾವಿಗೂ ನೀರಾಗತ್ತೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೇಡಂ ಸಕ್ಕತ್ ಜೋಕ್ ಮಾಡ್ತಾರೆ ಗುರು," ಅಂದ ಒಬ್ಬ. "ಅವಾರ್ಡ್ ಬಂದಿರೋ ಬಾವಿ ಒಡೆಯೋದಾ?" ಅಂದ ಇನ್ನೊಬ್ಬ. ನಾನು ಕುಹಕವಾಡಿದಾಗ ನಂಬಿದವರು, ನಿಜ ಹೇಳಿದಾಗ ನಕ್ಕರು. ಕೊನೆಗೆ ಇಂಗುಬಾವಿಯೊಳಗೆ ಒಂದು ಪಂಪು ಕೂರಿಸಿ, ಮಳೆ ಬಂದಾಗ ನೀರನ್ನು ಎತ್ತಿ ರಸ್ತೆಯ ಮೋರಿಗೆ ಬಿಡುವುದೆಂದು ತೀರ್ಮಾನವಾಯಿತು. ನೀರು ಇಂಗಿಸಲು ತೋಡಿದ ಬಾವಿಯಿಂದ ನೀರು ಹೊರಗೆ ಹಾಕಲು ಪಂಪು. ಅದನ್ನೂ ಬರೆದುಕೊಂಡೆ.

ಅಪಾರ್ಟ್‌ಮೆಂಟಿನ ಬಾವಿ ಉಕ್ಕಿದ ಸುದ್ದಿ ಅಜ್ಜಿಯ ಕಿವಿಗೆ ಬಿತ್ತು. "ನಮ್ ಗಂಗಮ್ಮ ಮುನಿಸ್ಕೊಂಡು ಆಚೆ ಮನೆಗೋಗವ್ಳೆ. ಬಾಗಿನ ಕೊಟ್ಟು ಕರ್ಕೊಂಡ್ ಬರಾನ," ಅಂದಳು. ಗಂಡ ಇಲ್ಲದವಳು ತಾನು ಬಾಗಿನ ಕೊಡುವ ಹಾಗಿಲ್ಲ, ಆದ್ದರಿಂದ ಮೊರ ನನ್ನ ತಲೆಯ ಮೇಲೆ ಬಂತು. ಅರಿಶಿನ, ಕುಂಕುಮ, ಹಸಿರು ಬಳೆ, ಅಕ್ಕಿ, ಬೆಲ್ಲ, ರವಿಕೆ ಕಣ. ಸಿಮೆಂಟು ಹಾಕಿಸಿದವಳೇ ಅದರ ಮುಂದೆ ಮೊರ ಹೊತ್ತು ನಿಂತೆ.

ಅಧ್ಯಕ್ಷರಿಗೆ ಖುಷಿಯೋ ಖುಷಿ. "ಲೋಕಲ್ ಕಲ್ಚರ್!" ಎನ್ನುತ್ತಾ ಮೊಬೈಲಿನಲ್ಲಿ ವಿಡಿಯೋ ತೆಗೆಯತೊಡಗಿದರು. ಮೊರವನ್ನು ನೀರಿಗೆ ಬಿಟ್ಟೆ. ಅದು ಹೋಗಲು ಜಾಗವಿಲ್ಲದೆ ನೀಲಿ ಟೈಲ್ಸಿಗೆ ತಾಗಿ ನಿಂತಿತು. ಮೀನುಗಳು ಬಂದು ಅಕ್ಕಿ ತಿಂದವು. ಅಜ್ಜಿ ತುಂಬ ಹೊತ್ತು ನೀರನ್ನೇ ನೋಡಿದಳು.

"ಇಂಗೇ ನಿಂತೈತಲ್ಲ ಸಾಮಿ. ಇದು ಇಂಗಾಕಿಲ್ವ?"

"ಇಲ್ಲ ಅಜ್ಜಿ! ಒಂದು ಡ್ರಾಪೂ ಲೀಕ್ ಆಗಲ್ಲ," ಅಂದರು ಅಧ್ಯಕ್ಷರು ಹೆಮ್ಮೆಯಿಂದ. "ತಳಕ್ಕೆ ಫುಲ್ ಸಿಮೆಂಟ್. ಐಡಿಯಾ ಯಾರ್ದು ಗೊತ್ತಾ? ನಮ್ಮ ಮೇಡಂದೇ!"

ಅಜ್ಜಿ ನನ್ನ ಕಡೆ ತಿರುಗಿದಳು. ನಾನು ಮೀನುಗಳನ್ನು ನೋಡುತ್ತಾ ನಿಂತೆ. ಅವಳು ಸೆರಗು ಸರಿಮಾಡಿಕೊಂಡಳು.

"ನಡೀರಿ ಮೇಡಂ," ಅಂದಳು. "ಒತ್ತಾಯ್ತು."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬೈಯಲಿಲ್ಲ. ಅಂದಿನಿಂದ ಬಹುವಚನ. "ಮೇಡಂ, ನಿಮ್ ಬಟ್ಟೆ ಒಣಗವೆ, ತಗಳಿ." "ಮೇಡಂ, ನಿಮ್ಗೊಂದು ಕಾಗ್ದ ಬಂದೈತೆ." ಸಾರಿನ ಮಾತು ನಿಂತುಹೋಯಿತು. ಗೋಡೆಯ ಎರಡೂ ಕಡೆ ಮೇಡಂ ಆಗಿಬಿಟ್ಟೆ. ಒಂದು ಸಂಜೆ ಗಂಡ ಎಚ್ಚರವಾಗಿದ್ದಾಗ ಎಲ್ಲವನ್ನೂ ಹೇಳಿ ಅತ್ತೆ. ಅವನು ಕೇಳಿ, "ನಿನ್ನ ಬಾಯಿ ಮಾಡಿದ್ದನ್ನ ನಿನ್ನ ಕೈ ಸರಿ ಮಾಡ್ಲಿ," ಅಂದು ಮಗ್ಗುಲಾದ.

ಮರುದಿನ ಪಂಪಿನ ವರ್ಕ್ ಆರ್ಡರ್ ಬರೆಯುವ ಕೆಲಸ ನನ್ನದೇ ಆಗಿತ್ತು. ಪಂಪು ಕೂರಿಸಬೇಕಾದರೆ ತಳದಲ್ಲಿ ಒಂದು ಗುಂಡಿ ಬೇಕು, ಅದು ಎಲ್ಲರೂ ಒಪ್ಪುವ ಮಾತು. ಫಾರಂನಲ್ಲಿ ಗುಂಡಿಯ ಅಳತೆ ಕೇಳಿತ್ತು. ಅಗಲ ಎಂಬ ಕಡೆ 'ಬಾವಿಯ ಅಗಲದಷ್ಟು' ಎಂದು ಬರೆದೆ. ಆಳ ಎಂಬ ಕಡೆ 'ಮಣ್ಣು ಸಿಗುವ ತನಕ' ಎಂದು ಬರೆದೆ. ಅಧ್ಯಕ್ಷರು ಫೋನಿನಲ್ಲಿ ಯಾರಿಗೋ ಏನೋ ವಿವರಿಸುತ್ತಾ ಸಹಿ ಹಾಕಿದರು.

ಬಾವಿ ಅಣ್ಣನಿಗೆ ಫೋನು ಮಾಡಿ ಕರೆಸಿದೆ. ಪಂಪಿಗೆ ಸಿಕ್ಕಿಕೊಳ್ಳುತ್ತವೆಂದು ಹೇಳಿ ಮೀನು, ತಾವರೆಗಳನ್ನು ಡ್ರಮ್ಮಿಗೆ ಸಾಗಿಸಿ, ನೀರು ಖಾಲಿ ಮಾಡಿ, ಅವನನ್ನು ಇಳಿಸಿದೆ. ಒಳಗಿನಿಂದ ಅವನ ದನಿ ಬಂತು.

"ಅಕ್ಕೋ, ಬಾವಿಗೆ ಚಪ್ಪಲಿ ಹಾಕ್ಸವ್ರಲ್ಲಕ್ಕ!"

"ಹಾಕ್ಸಿದ್ದು ನಾನೇ ಅಣ್ಣ. ಬಿಚ್ಚು."

ಎರಡು ದಿನ ಸುತ್ತಿಗೆ, ಹಾರೆ. ಮೇಲೆ ಬಂದಾಗ ಅವನ ಕೈಗೆ ನೀರಿನ ಬಾಟಲಿ ಕೊಟ್ಟೆ. ತಲೆಯಾಡಿಸಿದ. "ಬ್ಯಾಡಕ್ಕ. ಹೋದ್ಸಲ ಬಾಟ್ಲಿ ನೀರು ಕುಡ್ದಿದ್ಕೇ ಇಂಗಾಗಿದ್ದು. ಈ ನೀರು ಎಲ್ಲಿ ಮೇಲೇಳ್ತದೋ ಅಲ್ಲಿ ತೋಡ್ಸಿದೋರು ಕುಡೀಲಿ. ಆಗ ಮುಗೀತು ಅನ್ಕೊಳ್ಳಿ." ಒಡೆದ ಕಾಂಕ್ರೀಟು, ಟೈಲ್ಸು ಎಲ್ಲ ಮೇಲೆ ಬಂತು, ಪಂಪನ್ನು ಸರಪಳಿಗೆ ನೇತುಹಾಕಿ ಇಳಿಸಿದೆವು. ಕರೆಂಟಿನ ಸಂಪರ್ಕಕ್ಕೆ ಬೇರೆ ವರ್ಕ್ ಆರ್ಡರ್ ಬರೆಯಬೇಕಿತ್ತು. ಅದನ್ನು ನಾನು ಬರೆಯಲಿಲ್ಲ.

ಮುಂದಿನ ಜೋರು ಮಳೆಗೆ ಬೇಸ್‌ಮೆಂಟಿನಲ್ಲಿ ಒಂದು ಹನಿ ನೀರಿಲ್ಲ, ಬಾವಿಯೂ ಖಾಲಿ. ಅಧ್ಯಕ್ಷರು ಗ್ರೂಪಿನಲ್ಲಿ ಪಂಪನ್ನು ಹೊಗಳಿ ಮೆಸೇಜು ಹಾಕಿದರು, ಸದ್ದೇ ಇಲ್ಲದೆ ಕೆಲಸ ಮಾಡುತ್ತದೆಂದು. ಅಧಿಕಾರಿ ಮತ್ತೆ ಬಂದಾಗ ನಾನು ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವರ ಮೊಬೈಲಿನಲ್ಲಿ ಆಗ ಸೊಳ್ಳೆಯ ಫಾರಂ ಇತ್ತು: ಎಲ್ಲಾದರೂ ನೀರು ನಿಂತಿದೆಯೇ? ಖಾಲಿ ಬಾವಿಯ ಫೋಟೋ ತೆಗೆದು, ಶಭಾಷ್ ಮೇಡಂ, ಎಂದು ಹೋದರು. ಮಾದರಿ ಬಾವಿಯ ಫಲಕ ಗೋಡೆಯ ಮೇಲೆ ಹಾಗೇ ಉಳಿಯಿತು.

ಆದರೆ ನೆಲಕ್ಕೆ ಅವಸರವಿಲ್ಲ. ಮಳೆ ಬರುತ್ತಿತ್ತು, ಅಜ್ಜಿಯ ಬಾವಿಯಲ್ಲಿ ಟಣ್ ಎಂಬ ಸದ್ದೇ. ದಿನಾ ಬೆಳಿಗ್ಗೆ ಯಾರೂ ಏಳುವ ಮೊದಲು ನಾನೇ ಬಿಂದಿಗೆ ಬಿಟ್ಟು ನೋಡುತ್ತಿದ್ದೆ. ಶ್ರಾವಣ ಬಂತು. ಮೂರು ದಿನದ ಮಟ್ಟಿಗೆ ನನಗೆ ಜ್ವರ, ಬಾವಿಯ ಹತ್ತಿರ ಹೋಗಲಾಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸದ್ದಿಗೆ ಎದ್ದು ಹೊರಗೆ ಬಂದರೆ ಓಣಿಯಲ್ಲಿ ಕೆಮ್ಮಣ್ಣು ತುಂಬಿದ ಟಿಪ್ಪರ್ ಹಿಮ್ಮುಖವಾಗಿ ಬರುತ್ತಿತ್ತು. ಮಗ ಕೈಬೀಸಿ ದಾರಿ ತೋರಿಸುತ್ತಿದ್ದ. ಅಜ್ಜಿ ಬಾವಿಕಟ್ಟೆಯ ಮೇಲೆ ಕೂತಿದ್ದಳು, ಎದ್ದಿರಲಿಲ್ಲ.

"ಏಳವ್ವ," ಅಂದ ಮಗ.

"ಕಡೇ ಸಲ ಒಂದ್ ಬಿಂದಿಗೆ ಬಿಡಾನ ತಡಿ," ಅಂದಳು. ನನ್ನ ಕಡೆ ನೋಡಿದಳು. "ಮೇಡಂ, ನೀವೇ ಬಿಡಿ."

ಬಿಂದಿಗೆ ಇಳಿಬಿಟ್ಟೆ. ರಾಟೆ ಕಿರ್ರೆನ್ನುತ್ತಾ ತಿರುಗಿತು. ಟಿಪ್ಪರಿನವನೂ ಎಂಜಿನ್ ಆಫ್ ಮಾಡಿದ. ಟಣ್ ಎನ್ನಲಿಲ್ಲ. ಬುಳುಕ್ ಎಂದಿತು. ಹಗ್ಗ ಭಾರವಾಯಿತು. ನನಗೆ ಅಳು ಬಂದುಬಿಟ್ಟಿತು, ಅಳುತ್ತಲೇ ಸೇದಿದೆ. ಅರ್ಧ ಬಿಂದಿಗೆ, ತಿಳಿನೀರು. ಅಜ್ಜಿ ಬಗ್ಗಿ ಮೂಸಿದಳು.

"ಮಲ್ಲಿಗೆ ವಾಸ್ನೆ ಇಲ್ಲ," ಅಂದಳು.

ಮಗನ ಮುಖ ಅರಳಿತು. "ಅಂಗಾರೆ ಗಂಗಮ್ಮ ಇಲ್ಲ. ಬರೀ ನೀರು. ಮುಚ್ಬೋದು."

"ಲೋ, ಅದು ಫಿನಾಯ್ಲು ಕಣೋ," ಅಂದಳು ಅಜ್ಜಿ. "ನಮ್ ಹೊಲದ ಮ್ಯಾಲೆ ಐಟಿ ಪಾರ್ಕ್ ಕಟ್ಟಿದ್ರಲ್ಲ, ಆ ಹೊಸದ್ರಾಗೆ ಅಲ್ಲೇ ನಾಕು ವರ್ಸ ನೆಲ ಒರಸಿದೋಳು ನಾನು. ನಂಗೊತ್ತಾಗಾಕಿಲ್ವ? ಗಂಗಮ್ಮ ಅಂದ್ರೆ ನೀನು ಮುಚ್ಚಾಕಿಲ್ಲ, ಇವ್ರು ಕುಡಿಯಾಕಿಲ್ಲ. ಅದ್ಕೇ ಅಂದೆ. ಈಗ ಸುಳ್ಳು ಯಾಕೆ? ನೀರೇ ಐತಲ್ಲ."

ಮೂಢನಂಬಿಕೆ ಎಂದು ನಕ್ಕವಳು ನಾನು. ತಲೆ ಎತ್ತಲಾಗಲಿಲ್ಲ. ಮಗ ಬಾವಿಯೊಳಗೆ ಒಮ್ಮೆ, ತಾಯಿಯನ್ನು ಒಮ್ಮೆ ನೋಡಿ, ಮುಚ್ಚುವ ಮಾತು ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಮನೆ ಕಡೆ ನಡೆದ. ಟಿಪ್ಪರಿನವನು, "ಮಣ್ಣು ಎಲ್ಲಿ ಸುರೀಲಿ ಅಣ್ಣ?" ಎಂದು ಮೂರು ಸಲ ಕೇಳಿ, ಉತ್ತರ ಸಿಗದೆ ಬೀಡಿ ಹಚ್ಚಿದ.

ಬಾವಿ ಅಣ್ಣನ ಮಾತನ್ನು ಅಜ್ಜಿಗೆ ಯಾರು ಹೇಳಿದರೋ ಕಾಣೆ. ಒಳಗಿನಿಂದ ಒಂದು ಲೋಟ ತಂದು ಬಿಂದಿಗೆಯಲ್ಲಿ ಅದ್ದಿ ನನ್ನ ಮುಂದೆ ಹಿಡಿದಳು.

"ಮುಚ್ಸಿದೋಳೂ ನೀನೇ, ತೋಡ್ಸಿದೋಳೂ ನೀನೇ. ತಗಳೆ ಗದಗಿನೋಳೆ, ಮೊದ್ಲು ನೀನು ಕುಡಿ."

ಎಷ್ಟೋ ದಿನದ ಮೇಲೆ ಕಿವಿಗೆ ಬಿದ್ದ ಏಕವಚನ. ಲೋಟ ಮೂಗಿನ ಹತ್ತಿರ ತಂದೆ. ಯಾವ ವಾಸನೆಯೂ ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಫಿನಾಯಿಲಿಗೂ ಈಗ ವಾಸನೆಯಿಲ್ಲ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಜ್ವರ ಬಂದ ಮೂರು ದಿನ ಹೌಸ್‌ಕೀಪಿಂಗಿನವರು ಬಕೆಟ್ಟನ್ನು ಎಲ್ಲಿ ಸುರಿದರೆಂದು ನಾನು ನೋಡಿರಲಿಲ್ಲ.

ಕುಡಿದೆ, ಲೋಟ ಖಾಲಿಯಾಗುವ ತನಕ. ಅಜ್ಜಿ ಲೋಟಕ್ಕೆ ಕೈಚಾಚಿದಳು.

"ನೀ ನಾಳೆ ಕುಡಿ ಅಜ್ಜಿ," ಅಂದು ಲೋಟವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗೋಡೆಯ ಆ ಕಡೆಗೆ ಓಡಿದೆ. ನೆಲ ಒರೆಸುವ ಹೊತ್ತು ಆಗಿತ್ತು.